ಎರಡು ಬಾಣದ ದಾರಿ

"ಈ ರೋಡ್ ಬೆಸ್ಟ್, ಅಬ್ಬಾ. ಒನ್ ವೇ ಐತಿ. ಕಾರು ಒಂದ ಕಡೆಯಿಂದ ಬರ್ತಾವು, ಸೇಫ್," ಎನ್ನುತ್ತ ಲೈಬಾ ಮ್ಯಾಪಿನ ಮೇಲೆ ಹಳದಿ ಹೈಲೈಟರ್ ಎಳೆದೇಬಿಟ್ಟಳು.

ಡೈನಿಂಗ್ ಟೇಬಲ್ ತುಂಬ ವೇಲ್ಸ್ ದೇಶದ ಕರಾವಳಿ ಹರಡಿಕೊಂಡಿತ್ತು. ಮೂಲೆಗಳು ಸುರುಳಿಯಾಗದಂತೆ ಒಂದು ಕಡೆ ಉಪ್ಪಿನಕಾಯಿ ಬಾಟಲಿ, ಇನ್ನೊಂದು ಕಡೆ ಅಬ್ಬಾನ ಚಹಾ ಕಪ್ಪು. ಮ್ಯಾಪ್ ಕಳಿಸಿದ್ದು ಶೋಯೆಬ್ ಮಾಮು, ಅಂದರೆ ಅಮ್ಮಿಯ ಅಣ್ಣ. ಅವರು ಅಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರ್. ಬೇಸಿಗೆ ರಜೆಗೆ ಲೈಬಾಳ ಮನೆಯವರೆಲ್ಲ ಚಿಕಾಗೋ ಹತ್ತಿರದ ಗ್ಲೆಂಡೇಲ್ ಹೈಟ್ಸ್‌ನಿಂದ ಮಾಮುವಿನ ಮನೆಗೆ ಹೋಗುವವರಿದ್ದರು. ಅಲ್ಲಿ ಮಾಮು, ಅವರ ಮಗ ಅದೀಬ್, ಲೈಬಾ ಮೂವರೂ ಸೈಕಲ್ ಟೂರ್ ಮಾಡುವುದೆಂದು ನಿಶ್ಚಯವಾಗಿತ್ತು. ದಾರಿ ಆರಿಸುವುದು ಮಾತ್ರ ಮೆಹಮಾನರ ಹಕ್ಕು, ಲೈಬಾಳೇ ಆರಿಸಲಿ ಎಂದು ಮಾಮು ಫೋನಿನಲ್ಲಿ ಹೇಳಿದ್ದರು.

ಸಮುದ್ರದ ದಂಡೆಯ ಆ ಊರಿಗೆ ಎರಡು ದಾರಿ. ಒಂದು, ಹಿಂದೆ ರೈಲು ಓಡುತ್ತಿದ್ದ ದಾರಿ. ಈಗ ಹಳಿ ಕಿತ್ತು ಸೈಕಲ್‌ನವರಿಗೆ ಬಿಟ್ಟಿದ್ದಾರೆ. ನೀರಿನ ಪಕ್ಕದಲ್ಲೇ ಸಾಗಿ, ಉದ್ದನೆಯ ಮರದ ಸೇತುವೆ ದಾಟಿ ಊರು ಸೇರುತ್ತದೆ. ಇನ್ನೊಂದು ಗುಡ್ಡಗಳ ನಡುವೆ ಹೋಗಿ ಆಮೇಲೆ ಸಮುದ್ರಕ್ಕೆ ಇಳಿಯುತ್ತದೆ. ಮೈಲಿ ಎಣಿಸಿದರೆ ಎರಡನೆಯದೇ ಹತ್ತಿರ.

ಲೈಬಾ ಮೈಲಿ ಮಾತ್ರ ನೋಡಿದಳು. ಗ್ಲೆಂಡೇಲ್ ಹೈಟ್ಸ್‌ನಲ್ಲಿ ಬೇರೆ ಏನನ್ನು ನೋಡಬೇಕು ಹೇಳಿ? ಹೆಸರಿನಲ್ಲಿ ಮಾತ್ರ ಎತ್ತರ. ಬಕೆಟ್ ನೀರು ಚೆಲ್ಲಿದರೆ ಯಾವ ಕಡೆ ಹರಿಯಲಿ ಎಂದು ನೀರೇ ಯೋಚನೆ ಮಾಡುವಂಥ ಸಪಾಟು ನೆಲ ಅದು. ಇನ್ನು ಆ ಗುಡ್ಡದ ದಾರಿಯ ಮೇಲೆ ಎರಡು ಕಡೆ ಪುಟ್ಟ ಬಾಣಗಳು ಜೋಡಿ ಜೋಡಿಯಾಗಿ ಇದ್ದವು. ಚಿಕಾಗೋ ಡೌನ್‌ಟೌನಿನಲ್ಲಿ ಅಬ್ಬಾ ಪಾರ್ಕಿಂಗ್ ಹುಡುಕುತ್ತ ಸುತ್ತು ಹೊಡೆಯುವಾಗ ಅಂಥ ಬಾಣಗಳನ್ನು ಲೈಬಾ ಬೇಕಾದಷ್ಟು ನೋಡಿದ್ದಳು. ಒನ್ ವೇ ಅಲ್ಲದೆ ಮತ್ತೇನು? ಅಬ್ಬಾ ಕೂಡ ಕನ್ನಡಕ ಏರಿಸಿ ನೋಡಿ, ಹೌದು ಎಂದು ತಲೆ ಆಡಿಸಿದರು.

ಮರುದಿನವೇ ಅವಳು ಆ ದಾರಿಯನ್ನು ದೊಡ್ಡ ಚಾರ್ಟಿನಲ್ಲಿ ಬರೆದುಕೊಂಡು ಹೋಗಿ ಫಿಫ್ತ್ ಗ್ರೇಡ್ ಕ್ಲಾಸಿನಲ್ಲಿ ತೋರಿಸಿದಳು. ಟೀಚರ್ ಮಿಸೆಸ್ ನೋವಾಕ್ ಅದನ್ನು ಗೋಡೆಯ ಮೇಲೆ, ಅವರ ಕೌಂಟಿಯ, ಅಂದರೆ ಜಿಲ್ಲೆಯ, ಮ್ಯಾಪಿನ ಪಕ್ಕದಲ್ಲೇ ಅಂಟಿಸಿದರು. ಲೈಬಾ ಆ ವಾರವಿಡೀ ನೆಲದ ಮೇಲೆ ನಡೆಯಲಿಲ್ಲ.

ಭಾನುವಾರ ಅದೀಬ್ ಫೋನ್ ಮಾಡಿದ. ಅವನಿಗೆ ಹನ್ನೆರಡು ವರ್ಷ, ಆದರೆ ಮಾತು ಮುದುಕರದು. ಆ ಬಾಣ ಒನ್ ವೇ ಅಲ್ಲ, ಕಡಿದಾದ ಏರು ಎಂದ. ಒಂದು ಬಾಣ ಇದ್ದರೆ ತುಂಬ ಕಷ್ಟ. ಎರಡಿದ್ದರೆ ದೊಡ್ಡವರೂ ಇಳಿದು ಸೈಕಲ್ ತಳ್ಳುತ್ತಾರೆ.

"ನಿಮ್ಮ ಇಲಿನಾಯ್‌ನಲ್ಲಿ ಗುಡ್ಡವೇ ಇಲ್ಲವಲ್ಲ," ಎಂದ ಅವನು. "ಪರವಾಗಿಲ್ಲ ಬಿಡು. ನೀನು ಫುಪ್ಪಿ ಜೊತೆ ಕಾರಿನಲ್ಲಿ ಬಾ."

ಅವನ ಫುಪ್ಪಿ ಎಂದರೆ ಲೈಬಾಳ ಅಮ್ಮಿ. ಲೈಬಾಳ ಕಿವಿ ಬಿಸಿಯಾಯಿತು. ಫೋನ್ ಇಟ್ಟವಳೇ ಬಂದು ಮ್ಯಾಪಿನ ಮುಂದೆ ಕುಳಿತಳು. ಹೈಲೈಟರ್ ಅಳಿಸಿದರೆ ಹೋಗುತ್ತದೆಯೇ? ಅಬ್ಬಾ ಸಮಾಧಾನ ಮಾಡಿದರು. ರೈಲಿನ ದಾರಿಯೇ ಚಂದ, ಮರದ ಸೇತುವೆಯೂ ಸಿಗುತ್ತದೆ ಎಂದರು.

"ಮಾಮು ನನಗ ಚೂಸ್ ಮಾಡು ಅಂದ್ರು. ನಾ ಮಾಡೀನಿ," ಎಂದಳು ಲೈಬಾ.

ಅಬ್ಬಾ ಒಂದು ಕರಾರು ಹಾಕಿದರು. ಸ್ಲೆಡ್ಡಿಂಗ್ ಗುಡ್ಡವನ್ನು ಎಲ್ಲೂ ಕಾಲು ನೆಲಕ್ಕೆ ಇಡದೆ ಸೈಕಲ್ ಮೇಲೆ ಹತ್ತಿದರೆ ಅವಳ ದಾರಿ. ಬೇಸಿಗೆ ರಜೆಗೆ ಶಾಲೆ ಮುಚ್ಚುವುದರೊಳಗೆ ಆಗದಿದ್ದರೆ ರೈಲಿನ ದಾರಿ, ಕ್ಲಾಸಿನ ಚಾರ್ಟನ್ನೂ ಅವಳೇ ತಿದ್ದಬೇಕು.

ಸುತ್ತಮುತ್ತ ಇದ್ದ ಗುಡ್ಡ ಅದೊಂದೇ. ಅದೂ ದೇವರು ಮಾಡಿದ್ದಲ್ಲ. ಊರ ಕಸವನ್ನೆಲ್ಲ ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಹುಲ್ಲು ಬೆಳೆಸಿದ್ದು. ಚಳಿಗಾಲದಲ್ಲಿ ಮಕ್ಕಳು ಅದರ ಮೇಲಿಂದ ಹಿಮದಲ್ಲಿ ಜಾರುತ್ತಾರೆ. ತುದಿಯವರೆಗೆ ಅಗಲವಾದ ಜಲ್ಲಿ ದಾರಿ ಇದೆ.

ಮೊದಲ ಭಾನುವಾರ ಲೈಬಾ ಅರ್ಧಕ್ಕೇ ಇಳಿದಳು. ಮುಂದಿನ ಭಾನುವಾರ ಜೋರಾಗಿ ಬಂದು ನುಗ್ಗಿದಳು. ಮತ್ತೆ ಅಲ್ಲೇ, ಅದೇ ಕಸದ ಡಬ್ಬಿಯ ಹತ್ತಿರ, ಕಾಲು ತಾನಾಗಿ ನೆಲಕ್ಕೆ ಬಂತು. ಗೇರ್ ಎಷ್ಟು ಇಳಿಸಿದರೂ ತೊಡೆ ಕೇಳುತ್ತಿರಲಿಲ್ಲ. ಕೊನೆಯ ಭಾನುವಾರವೂ ಮೊದಲ ಸಲ ಹಾಗೇ ಆಯಿತು. ಅವಳು ಸೈಕಲ್ಲನ್ನು ಹುಲ್ಲಿನ ಮೇಲೆ ಬಿಸಾಕಿ ಅತ್ತಳು.

ಕೆಳಗೆ ಥರ್ಮಾಸ್ ಹಿಡಿದು ನಿಂತಿದ್ದ ಅಮ್ಮಿ, ಫಹಮೀದಾ, ಅಷ್ಟು ದಿನ ಚಹಾ ಬಗ್ಗಿಸಿ ಕೊಟ್ಟಿದ್ದಷ್ಟೇ. ಈಗ ಥರ್ಮಾಸನ್ನು ಅಬ್ಬಾನ ಕೈಗೆ ಕೊಟ್ಟು, ಅವರು ತಂದಿದ್ದ ಸೈಕಲ್ಲಿನ ಸೀಟು ಇಳಿಸಿಕೊಂಡರು. ಲೈಬಾಳ ಜಡೆಯ ರಬ್ಬರ್ ಬ್ಯಾಂಡು ಕೇಳಿ ಇಸಿದುಕೊಂಡು ಸಲ್ವಾರಿನ ಕಾಲಿಗೆ ಬಿಗಿದರು, ಚೈನಿಗೆ ಸಿಗಬಾರದಲ್ಲ. ದುಪಟ್ಟಾದ ಮೇಲೆ ಹೆಲ್ಮೆಟ್ ಕೂತಿತು. ಕ್ಲಾಸಿನವರು ಯಾರಾದರೂ ನೋಡುತ್ತಿದ್ದಾರೋ ಎಂದು ಲೈಬಾ ಅಳು ನಿಲ್ಲಿಸಿ ಸುತ್ತ ನೋಡಿದಳು.

ಅಮ್ಮಿ ಬಿಸ್ಮಿಲ್ಲಾ ಎಂದು ಹೊರಟರು. ನೇರವಾಗಿ ಏರಲೇ ಇಲ್ಲ. ದಾರಿಯ ಈ ಅಂಚಿನಿಂದ ಆ ಅಂಚಿಗೆ, ಆ ಅಂಚಿನಿಂದ ಈ ಅಂಚಿಗೆ, ಅವಸರವೇ ಇಲ್ಲದೆ ಅಡ್ಡಡ್ಡ ಹೋಗುತ್ತ ಕಸದ ಡಬ್ಬಿ ದಾಟಿದರು. ತುದಿ ಮುಟ್ಟಿದರು. ಲೈಬಾ ಬಾಯಿ ತೆರೆದುಕೊಂಡೇ ನಿಂತಿದ್ದಳು.

ಅಮ್ಮಿ ಕೆಳಗಿಳಿದು ಬಂದು ಮಗಳ ಪಕ್ಕದಲ್ಲಿ ಹುಲ್ಲಿನ ಮೇಲೆ ಕೂತರು. ಏದುಸಿರು ಬರುತ್ತಿತ್ತು, ಮುಖ ಮಾತ್ರ ಅರಳಿತ್ತು.

"ಸಂಡೂರಿನ್ಯಾಗ ನಮಗಿಬ್ಬರಿಗೂ ಒಂದ ಸೈಕಲ್ ಇತ್ತು," ಎಂದರು. "ನಿಮ್ಮ ಮಾಮು ಹೊಡೀತಿದ್ದ, ನಾ ಹಿಂದ ಕ್ಯಾರಿಯರ್ ಮ್ಯಾಲ. ಏರು ಬಂತಂದ್ರ ಹಿಂದ ಕುಂತವರು ಇಳದು ನಡೀಬೇಕು. ನನಗ ಇಳಿಯೋದಂದ್ರ ಮೈ ಉರೀತಿತ್ತು. ಅದಕ್ಕ ಹೊಡೆಯೋದು ನಾನ ಕಲ್ತೆ. ಆಮ್ಯಾಲ ನಡೆಯೋ ಪಾಳಿ ಅವಂದು."

"ಅದೀಬ್‌ಗೆ ಇದು ಗೊತ್ತಾ?"

"ಅವರ ಅಪ್ಪ ಹೇಳಿರ್ತಾನಂತಿಯೇನು?"

ಲೈಬಾಗೆ ನಗು ಬಂತು. ಸೈಕಲ್ ಎತ್ತಿ ಕೆಳಗೆ ತಂದಳು. ಈ ಸಲ ನುಗ್ಗಲಿಲ್ಲ. ಈ ಅಂಚು, ಆ ಅಂಚು. ಕಸದ ಡಬ್ಬಿ ಪಕ್ಕಕ್ಕೆ ಬಂತು, ಹಿಂದಕ್ಕೆ ಹೋಯಿತು. ತುದಿಯ ಹತ್ತಿರ ಹ್ಯಾಂಡಲ್ ನಡುಗಿತು. ಕಾಲು ಇಡು ಇಡು ಎಂದು ನೆಲ ಕರೆಯುತ್ತಿತ್ತು. ಅಮ್ಮಿಗೆ ಇಳಿಯುವುದೆಂದರೆ ಮೈ ಉರಿಯುತ್ತಿತ್ತಂತೆ. ಲೈಬಾಗೂ ಉರಿಯಿತು. ಇನ್ನೊಂದು ಅಂಚು, ಇನ್ನೊಂದೇ ಅಂಚು, ಆಮೇಲೆ ಪೆಡಲ್ ಹಗುರವಾಯಿತು. ಏರಲು ಇನ್ನು ಏನೂ ಉಳಿದಿರಲಿಲ್ಲ.

ಮೇಲಿನಿಂದ ಊರೆಲ್ಲ ಕಾಣುತ್ತಿತ್ತು. ನೀರಿನ ಟ್ಯಾಂಕು, ಚಿಕಾಗೋ ಕಡೆ ಹೋಗುವ ರೈಲು, ಸಾಲು ಮನೆಗಳು, ಎಲ್ಲವೂ ಸಪಾಟು. ಇಷ್ಟು ದೊಡ್ಡ ಸಪಾಟಿನಲ್ಲಿ ಎತ್ತರದಲ್ಲಿದ್ದವಳು ಅವಳೊಬ್ಬಳೇ. ಸ್ವಲ್ಪ ಹೊತ್ತಿನಲ್ಲಿ ಅಮ್ಮಿ ಎರಡನೇ ಸಲ ಸೈಕಲ್ ಮೇಲೆ ಬಂದರು. ಅವರ ಹಿಂದೆ ಥರ್ಮಾಸ್ ಹಿಡಿದ ಅಬ್ಬಾ, ಸೊಂಟದ ಮೇಲೆ ಕೈಯಿಟ್ಟು, ನಡೆದು ಬಂದರು.

"ಹಿಂದಿನವರು ನಡೀಬೇಕು, ಅಬ್ಬಾ," ಎಂದಳು ಲೈಬಾ. ಅಬ್ಬಾಗೆ ಏನೂ ಅರ್ಥವಾಗಲಿಲ್ಲ. ಅಮ್ಮಿ ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಸೋಮವಾರ ಲೈಬಾ ಬೇಗ ಕ್ಲಾಸಿಗೆ ಹೋದಳು. ತನ್ನ ಚಾರ್ಟನ್ನು ಮುಟ್ಟಲಿಲ್ಲ. ಪಕ್ಕದ ಕೌಂಟಿ ಮ್ಯಾಪಿನಲ್ಲಿ ಸ್ಲೆಡ್ಡಿಂಗ್ ಗುಡ್ಡದ ಜಾಗ ಹುಡುಕಿ, ಪೆನ್ಸಿಲಿನಿಂದ ಒಂದು ಪುಟ್ಟ ಬಾಣ ಬರೆದಳು.

"ಅದು ಒನ್ ವೇನಾ?" ಎಂದು ಮಿಸೆಸ್ ನೋವಾಕ್ ಹಿಂದಿನಿಂದ ಕೇಳಿದರು.

"ಅಲ್ಲ, ಏರು," ಎಂದಳು ಲೈಬಾ.

ಇನ್ನೊಂದು ಬಾಣ ಬರೆಯಲು ಕೈ ತುರಿಸುತ್ತಿತ್ತು. ಒಂದು ಕ್ಷಣ ಪೆನ್ಸಿಲನ್ನು ಅಲ್ಲೇ ಹಿಡಿದಿದ್ದಳು. ಆಮೇಲೆ ಜೇಬಿನಲ್ಲಿಟ್ಟುಕೊಂಡಳು. ಇದು ಒಂದೇ ಬಾಣದ ಗುಡ್ಡ. ಎರಡು ಬಾಣದ್ದು ಇನ್ನೂ ವೇಲ್ಸಿನಲ್ಲಿದೆ.