ತುಂಬಿಟ್ಟ ನೀರು

"ದಾರ ಉಘಡಾ! ದಾರ ಉಘಡಾ!"

ಮರಾಠಿಯಲ್ಲಿ ಕೂಗುತ್ತ ಯಾರೋ ಬಾಗಿಲು ಬಡಿಯುತ್ತಿದ್ದರು. ಕಾಂಚನ ಬಾಗಿಲು ತೆರೆದಳು... ತೆರೆದವಳು ಹಾಗೇ ನಿಂತುಬಿಟ್ಟಳು!

ಎದುರಿಗೊಬ್ಬ ಗಂಡಸು. ಸೊಂಟಕ್ಕೊಂದು ಟವೆಲ್, ಹೆಗಲಿಗೊಂದು ಟವೆಲ್. ತಲೆಯಿಂದ ಎದೆಯವರೆಗೆ ಸೋಪಿನ ನೊರೆ. ಒಂದು ಕಣ್ಣು ಮುಚ್ಚಿದೆ, ಇನ್ನೊಂದು ಉರಿಯುತ್ತಿದೆ.

"ಟಾಕಿಯಲ್ಲಿ ಒಂದು ಹನಿ ನೀರಿಲ್ಲ! ಮೇಲಿನ ಮನೆಗೂ ಕೆಳಗಿನ ಮನೆಗೂ ಒಂದೇ ಟಾಕಿ ಅಂತ ಗೊತ್ತಿಲ್ಲವೇ ನಿಮಗೆ?" ಅಂತ ಮರಾಠಿಯಲ್ಲೇ ಗುಡುಗಿದ.

ಗೊತ್ತಿರಲಿಲ್ಲ, ಪಾಪ. ಅವಳು ಈ ಬಾಡಿಗೆ ಮನೆಗೆ ಬಂದು ಎರಡೇ ದಿನ. ರತ್ನಾಗಿರಿಯ ಅಂಚೆ ಕಚೇರಿಯಲ್ಲಿ ನೌಕರಿ ಸಿಕ್ಕಿತ್ತು. "ಕಿಟಕಿ ತೆಗೆದರೆ ಸಮುದ್ರ!" ಅಂತ ಮನೆಯೊಡತಿ ಸಾವಿತ್ರಿಬಾಯಿ ಹತ್ತು ಸಲ ಹೇಳಿ ಬಾಡಿಗೆ ಏರಿಸಿದ್ದಳು. ಕಾಂಚನಳಿಗೋ, ಆ ಸಮುದ್ರ ಕಂಡರೇ ತಾತ್ಸಾರ. ಕಣ್ಣು ಹಾಯುವಷ್ಟು ನೀರು, ಬಾಯಿಗೆ ಒಂದು ಗುಟುಕಿಲ್ಲ! ಊರಿಂದ ತಂದ ಗರಿಗರಿ ಕಟಕ ರೊಟ್ಟಿ ಒಂದೇ ದಿನದಲ್ಲಿ ಒದ್ದೆ ಬಟ್ಟೆಯಾಗಿತ್ತು. ಇಂಥದ್ದನ್ನು ಜನ ದುಡ್ಡು ಕೊಟ್ಟು ನೋಡುತ್ತಾರಂತೆ!

ಅವಳು ನಂಬುವುದು ತುಂಬಿಟ್ಟ ನೀರನ್ನು ಮಾತ್ರ. ನಳ ತಿರುಗಿಸಿದಾಗ ನೀರು ಬಂದದ್ದೇ ತಡ, ಎರಡು ಡ್ರಮ್, ಆರು ಕೊಡ, ಕುಕ್ಕರ್, ಕೊನೆಗೆ ಚಹಾದ ಪಾತ್ರೆಯನ್ನೂ ತುಂಬಿಟ್ಟಿದ್ದಳು. ಹುಟ್ಟಿದಾಗಿನಿಂದ ಕಲಿತದ್ದು ಅದೇ.

"ಸೋಪ್ ಹಚ್ಚಿದ ಎಮ್ಮಿ ಹಂಗ ನಿಂತಾನ, ಮ್ಯಾಲ ಸೊಕ್ಕ ನೋಡು!" ಅಂತ ಕನ್ನಡದಲ್ಲಿ ಗೊಣಗಿದಳು.

ಮುಚ್ಚಿದ್ದ ಕಣ್ಣೂ ತೆರೆಯಿತು!

"ಎಮ್ಮಿ ಅಲ್ರಿ, ಕೋಣ ಅನ್ರಿ. ನಾ ಸೋಲಾಪುರದಾಂವ. ಉದಯಕುಮಾರ."

ಕಾಂಚನಳಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನಿಸಿತು. ಆದರೂ ಸೋಲುವವಳಲ್ಲ. "ನಾ ಚಪಳಗಾಂವದಾಕಿ. ಅಕ್ಕಲಕೋಟ ತಾಲೂಕ. ಏನ ಮಾಡತೀರಿ ಇಲ್ಲಿ?"

"ಚಾದರದ ಅಂಗಡಿ ಅದ. ಅಪ್ಪಂದು ಸೋಲಾಪುರದಾಗ, ನಂದು ಇಲ್ಲಿ."

"ಈ ಬೆವರಿನ ಊರಾಗ ಚಾದರ ಯಾರ ತಗೋತಾರ್ರಿ?"

"ಯಾರೂ ತಗೊಳ್ಳಂಗಿಲ್ಲ. ಅದಕ್ಕ ಟವೆಲ್ ಮಾರತೀನಿ!"

ನಗು ಬಂತು. ಅವಳಿಗೂ, ಅವನಿಗೂ. ಬಾಗಿಲಿಗೆ ಬಂದವರು ಜಗಳಕ್ಕೇ ಬಂದಿರಲಿ, ಮೊದಲು ನೀರು ಕೊಡುವುದು ಅವಳ ಮನೆಯ ವಾಡಿಕೆ. ಒಂದು ತಂಬಿಗೆ ತುಂಬಿ ಅವನ ಮುಂದೆ ಹಿಡಿದಳು. "ಮೊದಲ ನೀರ ಕುಡೀರಿ. ಮೈ ತೊಳಕೊಳ್ಳಾಕ ಒಂದ ಬಕೀಟ ಕೊಡತೀನಿ."

ಅವನು ಕೈ ಚಾಚಿದ. ಅಷ್ಟರಲ್ಲಿ ಅವನ ದೃಷ್ಟಿ ಅವಳ ಹಿಂದಿನ ಗೋಡೆಯತ್ತ ಹೋಯಿತು. ಗೋಡೆಯ ಮೇಲೆ ಬುದ್ಧನ ಫೋಟೋ. ಫೋಟೋದ ಕೆಳಗೆ ಸಾಲಾಗಿ ಡ್ರಮ್, ಕೊಡ.

ಅವನ ನಗು ಆರಿತು. ಚಾಚಿದ ಕೈ ಹಿಂದೆ ಸರಿಯಿತು.

"ಬ್ಯಾಡ್ರಿ... ನೀರ ಬ್ಯಾಡ. ಏನೂ ಬ್ಯಾಡ."

ಒಣಗುತ್ತಿದ್ದ ನೊರೆ ಹೊತ್ತುಕೊಂಡೇ ಇಳಿದು ಹೋದ. ಎರಡೇ ನಿಮಿಷ, ಕಿಟಕಿಯಲ್ಲಿ ಕಾಂಚನ ಕಂಡದ್ದೇನು? ಅವನು ದಂಡೆಗೆ ಓಡಿ, ಸಮುದ್ರದಲ್ಲಿ ಮುಳುಗಿ ತಲೆ ತಿಕ್ಕಿಕೊಳ್ಳುತ್ತಿದ್ದ!

'ನನ್ನ ನೀರಿಗಿಂತ ಉಪ್ಪನೀರ ಮ್ಯಾಲಾತು! ಫೋಟೋ ನೋಡಿದ, ಜಾತಿ ತಿಳೀತು, ಓಡಿದ!'

ಸಾವಿತ್ರಿಬಾಯಿ ಹೊಗಳಿದ ಸಮುದ್ರದ ನೋಟ ಅಂದು ಅವಳಿಗೆ ಬಹಳ ಚೆನ್ನಾಗಿ ಕಂಡಿತು.

ಮರುದಿನವೇ ಅವನು ಒಂದು ದಪ್ಪ ಚಾದರ ತಂದು ಮೆಟ್ಟಿಲ ಮೇಲಿಟ್ಟ. "ಕಿಟಕಿಗೆ ಕಟ್ರಿ. ಹಸಿಗಾಳಿ ಬರಂಗಿಲ್ಲ, ರೊಟ್ಟಿ ಕಟಕ ಉಳೀತಾವ." ಬೇಡವೆನ್ನಬೇಕು ಅಂದುಕೊಂಡವಳು, ರೊಟ್ಟಿಯ ಆಸೆಗೆ ಕಟ್ಟಿದಳು. ಸಾವಿತ್ರಿಬಾಯಿ ಎದೆ ಬಡಿದುಕೊಂಡಳು. "ಸಮುದ್ರಕ್ಕೇ ಪರದೆ ಹಾಕಿದಳಲ್ಲೋ! ಎಂಥ ಕಾಡುಜನ!"

ಹೀಗೇ ತಿಂಗಳುಗಳು ಕಳೆದವು. ಅವನು ಊರಿಗೆ ಹೋದಾಗಲೆಲ್ಲ ಜೋಳದ ಹಿಟ್ಟು, ಶೇಂಗಾ ಚಟ್ನಿ ತಂದುಕೊಡುತ್ತಿದ್ದ. ಗ್ಯಾಸ್ ಸಿಲಿಂಡರ್ ಹೊತ್ತು ಮೇಲೆ ತರುತ್ತಿದ್ದ. ಅವಳು, "ಟವೆಲ್ ಸಾವಕಾರ್ರು ಹಮಾಲಿ ಮಾಡಾಕತ್ತಾರ!" ಅಂತ ಹಂಗಿಸುತ್ತಿದ್ದಳು. ಸಂಜೆ ಅವನ ಚಪ್ಪಲಿಯ ಸದ್ದು ಕೇಳದಿದ್ದರೆ ಅನ್ನ ಸೇರುತ್ತಿರಲಿಲ್ಲ.

ಆದರೆ ಅವನು ಒಂದು ದಿನವೂ ಅವಳ ಮನೆಯ ನೀರು ಕುಡಿಯಲಿಲ್ಲ. ಚಹಾನೂ ಇಲ್ಲ. "ಈಗ ಆತ್ರಿ" ಅನ್ನುವುದು, ಜಾರಿಕೊಳ್ಳುವುದು.

ಕೇಳಲು ಅವಳಿಗೆ ಸ್ವಾಭಿಮಾನ ಅಡ್ಡ. ಹೇಳಬೇಕೆಂಬುದು ಅವನಿಗೆ ಹೊಳೆಯಲೇ ಇಲ್ಲ.

ಒಂದು ಬೆಳಗ್ಗೆ, ಸಾವಿತ್ರಿಬಾಯಿಯ ಬಾವಿಕಟ್ಟೆಯಲ್ಲಿ ಅವನು ತಂಬಿಗೆ ಎತ್ತಿ ಗಟಗಟ ಕುಡಿಯುತ್ತಿದ್ದುದನ್ನು ಕಾಂಚನ ನೋಡಿದಳು. ಎರಡನೇ ತಂಬಿಗೆಯನ್ನೂ ಕೇಳಿ ಕುಡಿದ!

ಅದೇ ಸಂಜೆ ಮೆಟ್ಟಿಲ ಮೇಲೆ ನಿಂತು ಅವನು ಕೇಳಿದ. "ಕಾಂಚನಾ... ನಿಮ್ಮ ಊರಿಗೆ ಬಂದು ನಿಮ್ಮ ಅವ್ವನ ಕೂಡ ಮಾತಾಡಲೇನ್ರಿ?"

ಆರು ತಿಂಗಳಿಂದ ಅವಳು ಕಾದಿದ್ದ ಮಾತು... ಬಂದದ್ದು ಈ ಹೊತ್ತಿಗೆ!

"ನಾಟಕ ಸಾಕ ಮಾಡ್ರಿ. ನಿಮ್ಮಂಥವರ ಪ್ರೀತಿ ಹೊಸ್ತಿಲದ ಹೊರಗಷ್ಟ ಛಂದ!"

ಬಾಗಿಲು ದಢಾರನೆ ಮುಚ್ಚಿತು. ಮರುದಿನ ರಜೆ ಹಾಕಿ ಚಪಳಗಾಂವಕ್ಕೆ ಹೊರಟುಬಿಟ್ಟಳು.

ಐದನೆಯ ದಿನ ಮಧ್ಯಾಹ್ನ. ಅವ್ವ ದ್ರೌಪದಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅಕ್ಕಲಕೋಟದ ಬಸ್ಸಿಳಿದು, ಧೂಳು ಮೆತ್ತಿಕೊಂಡು ಒಬ್ಬ ಬಂದು ನಿಂತ.

"ಚಾದರ ಬ್ಯಾಡಪಾ, ಮುಂದಕ ಹೋಗು" ಅಂದಳು ದ್ರೌಪದಿ, ಊರೂರು ಸುತ್ತಿ ಮಾರುವವನೆಂದುಕೊಂಡು, ತಲೆ ಎತ್ತದೆ.

"ಚಾದರ ಮಾರಾಕ ಬಂದಿಲ್ರಿ ಅವ್ವಾ. ಮಗಳನ್ನ ಕೇಳಾಕ ಬಂದೀನಿ."

ದ್ರೌಪದಿಯ ಕೈಯಲ್ಲಿದ್ದ ಮೊರ ನಿಂತಿತು. ಒಳಗಿದ್ದ ಕಾಂಚನಳ ಉಸಿರೂ!

ದ್ರೌಪದಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕೇಳೂದು ಆಮ್ಯಾಲ. ಬಿಸಲಾಗ ಬಂದೀದಿ, ಮೊದಲ ನೀರ ಕುಡಿ" ಅಂತ ತಂಬಿಗೆ ತಂದಳು.

ಅವನು ಮೂಲೆಯ ಡ್ರಮ್ಮಿನತ್ತ ನೋಡಿದ. "ನೀರ ಇವತ್ತ ಬಂದಾವೇನ್ರಿ?"

"ಎಲ್ಲೀದು! ನಾಕ ದಿನ ಆತು."

ಚಾಚಿದ ಕೈ ಮತ್ತೆ ಹಿಂದೆ ಸರಿಯಿತು. "ಹಂಗಾರ ಬ್ಯಾಡ್ರಿ..."

ಕಾಂಚನ ಬಾಗಿಲಿಂದ ಸಿಡಿದು ಬಂದಳು. "ನೋಡಿದೇನ ಅವ್ವಾ? ಆರ ತಿಂಗಳಿಂದ ಇದ! ಬ್ಯಾರೇದವರ ಬಾವಿ ನೀರ ನಡೀತದ, ನಮ್ಮನಿ ನೀರ ನಡ್ಯಂಗಿಲ್ಲ. ಮಗಳು ಮಾತ್ರ ಬೇಕಂತ ಇಂವಗ! ನಮ್ಮ ಗ್ವಾಡಿ ಮ್ಯಾಲ ಫೋಟೋ ನೋಡಿ ಸಮುದ್ರಕ್ಕ ಓಡಿದಾಂವ!"

ಉದಯಕುಮಾರ ದಂಗಾಗಿ ನಿಂತ.

"ಫೋಟೋ? ಕಾಂಚನಾ, ನಾ ಫೋಟೋ ನೋಡಲಿಲ್ಲ... ಕೆಳಗಿನ ಡ್ರಮ್ ನೋಡಿದೆ!"

"ಡ್ರಮ್ಮಿಗೆ ಏನ ಆಗಿತ್ತ?"

"ನಮ್ಮ ಗಲ್ಯಾಗ ಐದ ದಿನಕ್ಕೊಮ್ಮೆ ನೀರು. ಸಣ್ಣಾಂವ ಇದ್ದಾಗ ಬಾಜೂ ಮನ್ಯಾಗ ಒಂದ ತಂಬಗಿ ಕುಡದ ಬಂದಿದ್ದೆ. ಅಜ್ಜಿ ಗಿರಿಜಾಬಾಯಿ ಕಪಾಳಕ್ಕ ಬಿಗದಳು. 'ಮಂದಿ ತುಂಬಿಟ್ಟ ನೀರು ಮಂದಿ ಬೆವರು. ಮುಟ್ಟಬ್ಯಾಡ' ಅಂದಳು. ಬಾವಿದು, ನಳದ್ದು ಕುಡೀತೀನಿ. ತುಂಬಿಟ್ಟಿದ್ದ ಕಂಡ್ರ ಕೈ ತಾನ ಹಿಂದ ಬರತದ."

"ರತ್ನಾಗಿರ್ಯಾಗ ದಿನಾ ನೀರ ಬರತಾವಲ್ಲ!"

"ಬರತಾವ. ಮತ್ತ ನೀವ್ಯಾಕ ದಿನಾ ಡ್ರಮ್ ತುಂಬತೀರಿ?"

ಕಾಂಚನಳ ಕಣ್ಣು ತುಂಬಿ ಬಂತು.

"ಎಂಥ ಹುಚ್ಚ ಅದೀರಿ! ಹೇಳಾಕ ಬಾಯಿ ಇರಲಿಲ್ಲೇನು?"

"ಕೇಳಾಕ ನಿಮಗಿತ್ತಲ್ಲ! ನನಗ ಎಮ್ಮಿ ಅಂದ ಬಾಯಿ!"

ದ್ರೌಪದಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಕಾಂಚನ ನಗಲಿಲ್ಲ. ಕೇಳಲೇಬೇಕಾದದ್ದು ಇನ್ನೂ ಇತ್ತು.

"ನಿಮ್ಮ ಮನ್ಯಾಗ ಗೊತ್ತೇನು?"

"ಎಲ್ಲಾ ಹೇಳಿ ಬಂದೀನಿ. ಅಪ್ಪ ಮಾತ ಬಿಟ್ಟಾನ. ಯಾವಾಗ ಆಡತಾನೋ ಗೊತ್ತಿಲ್ಲ, ಸುಳ್ಳ ಹೇಳಂಗಿಲ್ಲ. ಅಜ್ಜಿ ಎರಡ ದಿನ ಮಾರಿ ತಿರುವಿದ್ಲು. ನಿನ್ನೆ ಕರದ ಒಂದ ಕೇಳಿದ್ಲು... 'ಹುಡಿಗಿ ನೀರ ಹ್ಯಾಂಗ ಇಡತಾಳ?' ಅಂತ."

"ನೀವೇನ ಅಂದ್ರಿ?"

"ಚಹಾದ ಪಾತ್ರೀನೂ ಬಿಡಂಗಿಲ್ಲ ಅಂದೆ!"

ಅಳುವಿನ ನಡುವೆಯೇ ಕಾಂಚನಳಿಗೆ ನಗು ಉಕ್ಕಿತು. ಅವ್ವನ ಕೈಯಿಂದ ತಂಬಿಗೆ ತೆಗೆದುಕೊಂಡು ಅವನ ಮುಂದೆ ಹಿಡಿದಳು.

"ನಾಕ ದಿನದ ನೀರು. ನಮ್ಮವ್ವ ಹೊತ್ತ ತಂದಿದ್ದು."

"ಮಂದೀದು ಮುಟ್ಟಬಾರದು. ನಮ್ಮನಿದಾದ್ರ ಕುಡೀಬಹುದು. ನೀವ ಹೇಳ್ರಿ... ಇದು ನಮ್ಮನಿ ನೀರೇನು?"

ಕಾಂಚನ ಅವ್ವನತ್ತ ನೋಡಿದಳು. ಅವ್ವ ಮತ್ತೆ ಮೊರ ಹಿಡಿದು, "ನನ್ನೇನ ನೋಡತಿ? ನಿನ್ನ ಕೇಳಾಕತ್ತಾನ" ಅಂದಳು.

"...ಹೂಂ. ನಮ್ಮನಿದ. ಕುಡೀರಿ."

ಒಂದು ಹನಿ ಚೆಲ್ಲದಂತೆ, ಕಣ್ಣು ಮುಚ್ಚಿ, ಕೊನೆಯ ಗುಟುಕಿನವರೆಗೂ ಕುಡಿದ.

"ಇನ್ನೊಂದ ತಂಬಗಿ ಕೊಡಲೇನು?"

"ನಾಳಿಗೆ ಉಳೀತದೇನು?"

"ನಾಳಿ ನಳ ಬರತದ."

"ಬರಲಿಲ್ಲಂದ್ರ?"

ಕಾಂಚನ ಖಾಲಿ ತಂಬಿಗೆಯನ್ನು ಅವನ ಕೈಯಿಂದ ತೆಗೆದುಕೊಂಡಳು. ಬೆರಳನ್ನು ಮಾತ್ರ ಬಿಡಲಿಲ್ಲ.

"ಬರಲಿಲ್ಲಂದ್ರ ಇಬ್ಬರೂ ಕೂಡಿ ಹೊರೂಣು."