ಎದುರು ಬರುವವನು

ಡಿಕ್ಕಿ!

"ಕಣ್ಣು ಕಾಣಲ್ವಾ ಇವನಿಗೆ? ದಡ್ಡ ಶಿಖಾಮಣಿ!"

ಕೊಚ್ಚಿಯ ಕಲೂರಿನಲ್ಲಿ ಕನ್ನಡ ಯಾರಿಗೆ ತಿಳಿಯುತ್ತದೆಂಬ ಧೈರ್ಯದಲ್ಲೇ ರಮ್ಯಶ್ರೀ ಬೈದಿದ್ದಳು. ಬೆಳಗಿನ ಓಟಕ್ಕೆ ಹೊರಟವಳ ಕಿವಿಯಿಂದ ಇಯರ್‌ಫೋನ್ ಜಾರಿತ್ತು.

"ಕಾಣ್ತದೆ," ಎಂದ ಎದುರಿನವನು, ಅಚ್ಚ ಕಾಸರಗೋಡಿನ ಕನ್ನಡದಲ್ಲಿ. "ಎದುರಿಂದ ಬರುವ ಬಸ್ಸೂ ಕಾಣ್ತದೆ. ನಿಮ್ಮ ಬೆನ್ನಲ್ಲಿ ಕಣ್ಣುಂಟಾ?"

ಅವಳ ಮುಖ ಕೆಂಪಾಯಿತು. "ರೀ... ಎಡಗಡೆ ಹೋಗ್ಬೇಕು ಅಂತ ನಮ್ಮ ಮೈಸೂರಲ್ಲಿ ಮಕ್ಕಳಿಗೂ ಗೊತ್ತು!"

"ಅದು ಗಾಡಿಗೆ ಮಾರಾಯ್ರೆ! ಫುಟ್‌ಪಾತ್ ಇಲ್ಲದ ಕಡೆ ನಡೆಯುವವರು ಬಲಗಡೆ, ಬರುವ ಗಾಡಿಗೆ ಮುಖ ಮಾಡಿ. ಕಿವಿಯಲ್ಲಿ ಹಾಡು ಬೇರೆ!"

ಅವನು ಸ್ಕಂದ, ಬ್ಯಾಂಕಿನ ಗುಮಾಸ್ತ. ಉಪದೇಶವನ್ನು ಬ್ಯಾಂಕಿನಲ್ಲೇ ಮಾಡಬಾರದೇ? ಮರುದಿನವೂ ಅದೇ ರಸ್ತೆಯಂಚು, ಅದೇ ಎದುರುಬದುರು. 'ಇವತ್ತು ನಾನಂತೂ ಪಕ್ಕಕ್ಕೆ ಸರಿಯೋದಿಲ್ಲ...' ಇಬ್ಬರೂ ಹಟಮಾರಿಗಳು! ಜಗಳವಾಡಲೆಂದೇ ಅವಳು ಅಲಾರಮ್ಮಿಗೆ ಮೊದಲೇ ಏಳತೊಡಗಿದಳು. ಅದು ಜಗಳದ ಆಸೆಯಲ್ಲ ಎಂದು ಅವಳಿಗೆ ಯಾರು ಹೇಳಬೇಕು?

ಒಂದು ಬೆಳಿಗ್ಗೆ ಸ್ಕಂದ ಏಕಾಏಕಿ ಅವಳ ಕೈಹಿಡಿದು ಎಳೆದ. ಅವಳು ಚರಂಡಿ ಪಕ್ಕ ಬಿದ್ದಳು. ಹಾಡಿನ ಪ್ಲೇಯರ್ ಚೂರಾಯಿತು. ಬಸ್‌ಸ್ಟಾಪಿನ ಜನವೆಲ್ಲ ನೋಡುತ್ತಿದ್ದರು.

"ಇನ್ನೊಂದ್ಸಲ ಮುಟ್ಟಿದ್ರೆ ಪೊಲೀಸರನ್ನ ಕರೀತೀನಿ!"

ಅವನು ತಿರುಗಿ ಹೋದ. ಮತ್ತೆ ಬರಲೇ ಇಲ್ಲ.

ಹಾಸ್ಟೆಲಿನ ಗೆಳತಿ ಗ್ರೇಸಿ ಅವನ ಬ್ಯಾಂಕಿನವಳೇ. ಕೊನೆಗೂ ನಾಚಿಕೆ ಬಿಟ್ಟು ಕೇಳಿದರೆ ಅವಳು ಮಲಯಾಳದಲ್ಲಿ ರೇಗಿದಳು.

"ಎಡೀ, ಆವತ್ತು ನಾನೂ ಸ್ಟಾಪಿನಲ್ಲಿದ್ದೆ. ಬಸ್ಸು ನಿನ್ನ ಬೆನ್ನಿಗೇ ಬಂದಿತ್ತು! ಹಾರ್ನ್ ಕೂಡ ಕೇಳಲಿಲ್ಲವಾ? ಪಾಪ, ಅವನಿಗೆ ತಿರುವನಂತಪುರಕ್ಕೆ ವರ್ಗವಾಯಿತು."

'ಅಯ್ಯೋ, ನಾನೆಂಥ ಮೂರ್ಖಳು! ಥ್ಯಾಂಕ್ಸ್ ಕೂಡ ಹೇಳಲಿಲ್ಲ... ಬರೀ ಥ್ಯಾಂಕ್ಸ್ ಅಲ್ಲ, ಬೇರೇನೋ ಹೇಳುವುದಿತ್ತು...'

ತಿರುವನಂತಪುರದ ಟ್ರೈನಿಂಗನ್ನು ಅವಳು ಆಫೀಸಿನಲ್ಲಿ ಕಾಡಿ ಬೇಡಿ ಪಡೆದಳು. ಒಳ್ಳೊಳ್ಳೆಯ ಮೈದಾನ ಬಿಟ್ಟು, ಲಾರಿಗಳು ಮೂಟೆ ಇಳಿಸುವ ಚಾಲೈ ಪೇಟೆಗೆ ಯಾರಾದರೂ ಓಡಲು ಹೋಗುತ್ತಾರೆಯೇ? ಅವನ ಬ್ಯಾಂಕು ಅಲ್ಲಿತ್ತಲ್ಲ, ಇವಳು ಹೋದಳು! ಕಿವಿ ಖಾಲಿ, ದೂರಕ್ಕೂ ಕಾಣುವ ಹಳದಿ ಅಂಗಿ, ರಸ್ತೆಯ ಬಲ ಅಂಚು.

ಎರಡನೆಯ ಬೆಳಿಗ್ಗೆ, ಅದೇ ಅಂಚಿನಲ್ಲಿ ಎದುರು ಬಂದವನು... ಸ್ಕಂದ! ಅದೂ ಗಾಡಿಗಳಿಗೆ ಬೆನ್ನು ಹಾಕಿಕೊಂಡು!

"ರೀ! ಬುದ್ಧಿ ಇದೆಯೇನ್ರೀ? ಊರಿಗೆಲ್ಲ ಪಾಠ ಹೇಳಿ ಈಗ ನೀವೇ..."

"ನಿನ್ನೆ ಸರಿಯಾದ ಕಡೆಯೇ ಬಂದಿದ್ದೆ. ನಿಮ್ಮ ಬೆನ್ನು ಮಾತ್ರ ಕಂಡಿತು. ಕರೆಯಲಿಕ್ಕೆ ಹೆದರಿಕೆ ಆಯ್ತು... ಮುಖ ಕಾಣಬೇಕಾದ್ರೆ ಹೀಗೇ ಬರ್ಬೇಕಲ್ಲ?"

ಅವನ ಹಿಂದೆ ಈರುಳ್ಳಿ ಲಾರಿಯ ಹಾರ್ನ್! ರಮ್ಯಶ್ರೀ ಅವನ ಕೈಹಿಡಿದು ಅಂಗಡಿ ಜಗಲಿಗೆ ಎಳೆದಳು. ಲಾರಿ ದಾಟಿಹೋದರೂ ಕೈ ಬಿಡಲಿಲ್ಲ. ಅವಳ ಕಣ್ಣು ತುಂಬಿತ್ತು.

"ನಿಮಗೇನಾದ್ರೂ ಆಗಿದ್ರೆ ನಾನೇನ್ ಮಾಡ್ಲಿ?"

"ಮುಟ್ಟಿದ್ರಿ... ಪೊಲೀಸರನ್ನು ಕರೆಯಲಾ?" ಅವನು ನಗಲು ನೋಡಿದ.

"ಸುಮ್ನಿರಿ! ತಿರುಗಿ, ಗಾಡಿಗೆ ಮುಖ ಮಾಡಿ ನಡೀರಿ. ನಾನು ಹಿಂದೆ ಬರ್ತೀನಿ."

"ಹಾಗಾದ್ರೆ ನಿಮ್ಮ ಮುಖ?"

"ಅದನ್ನ ಮನೇಲಿ ನೋಡ್ಕೊಳ್ಳಿ... ದಿನಾ!"

"ಯಾರ ಮನೆಯಲ್ಲಿ?"

"ಅಯ್ಯೋ, ಅದನ್ನೂ ನಾನೇ ಹೇಳ್ಬೇಕಾ? ಮೊದ್ಲು ನಡೀರಿ, ಇನ್ನೊಂದು ಲಾರಿ ಬರ್ತಿದೆ!"