ಗೇಟ್ ಮಾಮನ ಎಡಗಣ್ಣು

ಗೇಟ್ ಮಾಮನ ಎಡಗಣ್ಣೇ ಇರಲಿಲ್ಲ.

ಮೂಗಿತ್ತು. ಇಳಿಬಿದ್ದ ಮೀಸೆಯಿತ್ತು. ತಲೆಯ ಮೇಲೆ ಹಳೆಯ ಟೋಪಿಯೂ ಇತ್ತು. ಬಲಗಣ್ಣು ನಗುತ್ತಿತ್ತು. ಎಡಗಣ್ಣು ಇರಬೇಕಾದ ಕಡೆ ಮಾತ್ರ ಒಂದು ಚೌಕದ ಕಪ್ಪು ತೂತು.

ಹಾಲ್‌ನ ಮಹಡಿಯಲ್ಲಿ ಕಂಬಿ ಹಿಡಿದು ಕೆಳಗೆ ಬಗ್ಗಿ ನೋಡುತ್ತಿದ್ದ ಮಕ್ಕಳೆಲ್ಲ ಒಮ್ಮೆಲೇ ಸುಮ್ಮನಾದರು. ಇಡೀ ತರಗತಿ ಹೀಗೆ ಸುಮ್ಮನಾಗಿದ್ದನ್ನು ಸೈನ್ಸ್ ಮಿಸ್ ಆ ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ.

"ಯಾರೋ ಕಣ್ಣು ಕಿತ್ತ ಹಾಗಿದೆ," ಎಂದು ಹಿಂದಿನಿಂದ ಒಂದು ಸಣ್ಣ ದನಿ ಬಂತು.

ಗಿಣಿ ಕಂಬಿಯ ಮೇಲೆ ಇನ್ನಷ್ಟು ಬಗ್ಗಿದಳು. ಆ ತೂತು ಯಾವ ಆಮೆಯದೆಂದು ಅವಳಿಗೆ ಗೊತ್ತಿತ್ತು. ಅದು ಅವಳ ಆಮೆ.

ಆಮೆ ಎಂದರೆ ನಿಜವಾದ ಆಮೆಯಲ್ಲ. ಊಟದ ಡಬ್ಬಿಯಷ್ಟು ದೊಡ್ಡ ರೋಬೋ. ಅಡಿಯಲ್ಲಿ ನಾಲ್ಕು ಚಕ್ರ, ಬೆನ್ನಿನ ಮೇಲೆ ಚೌಕದ ಪರದೆ. ನಿಧಾನಕ್ಕೆ ತೆವಳುತ್ತವೆ ಎಂದು ಮಕ್ಕಳೇ ಇಟ್ಟ ಹೆಸರು. ಎಲ್ಲ ಆಮೆಗಳೂ ಹಾಲ್‌ನ ನೆಲದ ಮೇಲೆ ತಾವಾಗಿಯೇ ಸಾಲಾಗಿ ನಿಂತು, ಒಂದೊಂದೂ ಚಿತ್ರದ ಒಂದೊಂದು ತುಂಡು ತೋರಿಸಿದರೆ, ಮೇಲಿನಿಂದ ನೋಡುವವರಿಗೆ ಒಂದೇ ದೊಡ್ಡ ಚಿತ್ರ ಕಾಣುತ್ತದೆ. ಮಗುವಿಗೊಂದು ಆಮೆ. ಮನೆಗೆ ಒಯ್ದು ಚಾರ್ಜ್ ಮಾಡಿ ತರುವುದು ಅವರವರ ಕೆಲಸ.

ಇವತ್ತಿನ ಚಿತ್ರ ಗೇಟ್ ಮಾಮನದು. ಶಾಲೆಯಲ್ಲಿ ಅವರಿಗೆ ಇದೇ ಕೊನೆಯ ದಿನ. ತಡವಾಗಿ ಓಡಿಬಂದ ಮಕ್ಕಳನ್ನು ಕಂಡರೆ ಮೊದಲು ಮುಖ ಗಂಟಿಕ್ಕಿ, ಆಮೇಲೆ ಎಡಗಣ್ಣು ಮಿಟುಕಿಸಿ ಒಳಗೆ ಬಿಡುತ್ತಿದ್ದ ಮಾಮ. ಆ ಎಡಗಣ್ಣಿಗೇ ಮಂಜು ಕವಿಯುತ್ತಾ ಬಂದು, ಈಗ ಏನೂ ಕಾಣಿಸುವುದಿಲ್ಲವಂತೆ. ರಸ್ತೆಯಲ್ಲಿ ಗಾಡಿಗಳ ನಡುವೆ ಮಕ್ಕಳನ್ನು ದಾಟಿಸುವುದು ಇನ್ನು ಆಗದ ಮಾತೆಂದು ಅವರೇ ಕೆಲಸ ಬಿಡುತ್ತಿದ್ದಾರೆ.

"ಸಂಜೆ ಮಾಮ ಇಲ್ಲೇ ನಿಂತು ನೋಡ್ತಾರೆ," ಎಂದರು ಮಿಸ್. ಅವರ ಮುಖ ಬಿಳಿಚಿಕೊಂಡಿತ್ತು. "ಅವರಿಗೆ ಇದನ್ನ ತೋರಿಸೋಕಾಗುತ್ತಾ?"

ಮಿಸ್ ಲ್ಯಾಪ್‌ಟಾಪ್ ನೋಡಿದರು. ಜ್ವರ ಬಂದು ಮನೆಯಲ್ಲಿ ಮಲಗಿದ್ದ ಉದ್ದಕಾಲ ಎಂಬ ಹುಡುಗನ ಆಮೆಯೊಂದು ಬಿಟ್ಟರೆ ಉಳಿದವುಗಳ ಮುಂದೆಲ್ಲ ಹಸಿರು ಚುಕ್ಕೆ.

"ಉದ್ದಕಾಲನ ಆಮೆ ಬಂದಿಲ್ವಲ್ಲ ಮಿಸ್, ಅದರದ್ದೇ ತೂತು," ಎಂದ ಒಬ್ಬ.

"ಇಲ್ಲ ಕಣೋ. ಚಿತ್ರ ಶುರುವಾಗೋ ಮುಂಚೆ, ಆಮೇಲೂ ಆಗಾಗ, ಆಮೆಗಳೇ ಹಾಜರಿ ಕರ್ಕೊಳ್ತವೆ. ಪೂರ್ತಿ ಚಿತ್ರ ಪ್ರತಿಯೊಂದರ ಹತ್ತಿರಾನೂ ಇರುತ್ತೆ. ಯಾವುದು ಬಂದಿಲ್ವೋ ಅದರ ಜಾಗಕ್ಕೆ ಅಕ್ಕಪಕ್ಕದವು ಸರಿದು, ತುಂಡುಗಳನ್ನ ತಮ್ಮಲ್ಲೇ ಹಂಚ್ಕೊಂಡುಬಿಡ್ತವೆ. ಅವನದ್ದಿಲ್ಲ ಅಂತ ಎಲ್ಲಾದರೂ ಗೊತ್ತಾಗ್ತಿದೆಯಾ? ಬಂದಿರೋವೆಲ್ಲ ಹಾಜರ್ ಅಂತಿವೆ. ಹಾಗಾದ್ರೆ ತಪ್ಪು ಆಮೆದಲ್ಲ." ಮಿಸ್ ತಲೆಯೆತ್ತಿದರು. "ಸ್ಕ್ಯಾನ್ ಮಾಡುವಾಗ ಒಂದು ಕಡೆ ಬಿಟ್ಟುಹೋಗಿರಬೇಕು."

ಎಲ್ಲರೂ ಇಸ್ತ್ರಿಯ ಕಡೆ ತಿರುಗಿದರು.

ಇಸ್ತ್ರಿ ಗಿಣಿಯ ಪಕ್ಕದ ಬೆಂಚಿನವನು. ಅವನಪ್ಪನದು ರಸ್ತೆಯ ಮೂಲೆಯ ಲಾಂಡ್ರಿ. ಡ್ರಾಯಿಂಗ್ ಸರ್ ಬರೆದ ಮಾಮನ ಚಿತ್ರ ಬಾಗಿಲಿನಷ್ಟು ದೊಡ್ಡದು. ಸೋಪಿನ ಡಬ್ಬಿಯಂಥ ಸ್ಕ್ಯಾನರನ್ನು ಕೈಯಲ್ಲಿ ಹಿಡಿದು ಅದರ ಮೇಲೆ ಪಟ್ಟಿ ಪಟ್ಟಿಯಾಗಿ ಎಳೆಯಬೇಕು. ಎಳೆದದ್ದು ನೇರ ಆಮೆಗಳಿಗೇ ಹೋಗುತ್ತದೆ; ಹೇಗೆ ಬಂತೆಂದು ಅವು ಸಾಲಾಗಿ ನಿಂತಾಗಲೇ ಗೊತ್ತಾಗುವುದು. ಬೇರೆಯವರು ಎಳೆದಾಗ ಮೂಗು ಸೊಟ್ಟಗಾಗಿತ್ತು, ಮೀಸೆ ಹಾವಿನಂತೆ ಹರಿದಿತ್ತು. ಇಸ್ತ್ರಿಯ ಕೈ ಮಾತ್ರ ಗೆರೆ ಹಾಕಿದಂತೆ ನೆಟ್ಟಗೆ.

"ನಾನು ಬಿಟ್ಟಿಲ್ಲ ಮಿಸ್," ಎಂದ ಇಸ್ತ್ರಿ. "ಒಂದು ಸಲ ಎಳೆದ ಜಾಗದ ಮೇಲೆ ಅರ್ಧ ಮತ್ತೆ ಹತ್ತಿಸಿ ಎಳೀತೀನಿ. ಅಂಗಿಗೆ ಇಸ್ತ್ರಿ ಎಳೆಯೋ ಹಾಗೆ."

"ಹಾಗಾದ್ರೆ ಕಣ್ಣೆಲ್ಲೋ ಹೋಯ್ತು? ಕಾಗೆ ಕಚ್ಕೊಂಡು ಹೋಯ್ತಾ?" ಎಂದ ಹಿಂದಿನವನು. ಒಂದಿಬ್ಬರು ಕಿಸಕ್ಕೆಂದರು.

ಇಸ್ತ್ರಿ ಮತ್ತೆ ಕೆಳಗೆ ಬಗ್ಗಿ ಆ ತೂತನ್ನೇ ನೋಡಿದ.

ಗಿಣಿ ಆಗಲೇ ಹೇಳಿಬಿಡಬೇಕಿತ್ತು. ಬೆಳಗಾದರೆ ಶುರುವಾದ ಮಾತು ಮಲಗಿದ ಮೇಲೂ ನಿಲ್ಲದವಳು ಅವಳು. ಗಿಣಿ ಎಂಬ ಹೆಸರು ಬಂದದ್ದೇ ಅದಕ್ಕೆ. ಇವತ್ತು ಮಾತ್ರ ಉಗುರಿನಿಂದ ಕಂಬಿಯ ತುಕ್ಕು ಕೆರೆಯುತ್ತಾ ನಿಂತಳು.

ಆದದ್ದು ಇಷ್ಟು. ನಿನ್ನೆ ತಮ್ಮ ಚೋಟು ಹಾಲು ಕುಡಿಯಲೊಲ್ಲೆ ಎಂದು ಹಟ ಹಿಡಿದಿದ್ದ. ಆಮೆಯ ಬೆನ್ನ ಮೇಲೆ ಏನನ್ನೂ ಇಡಬಾರದೆಂದು ಮಿಸ್ ಸಾರಿ ಸಾರಿ ಹೇಳಿದ್ದರು. ಗಿಣಿ ಹಾಲಿನ ಲೋಟ ಇಟ್ಟಳು. "ಚೋಟು ಸಾಹೇಬ್ರಿಗೆ ಹಾಲಿನ ಗಾಡಿ ಬಂತು," ಎಂದಳು. ಚೋಟು ಕೇಕೆ ಹಾಕಿ ಕೈ ಬೀಸಿದ. ಹಾಲೆಲ್ಲ ಪರದೆಯ ಮೇಲೆ. ಪರದೆ ಒಮ್ಮೆ ಮಿಂಚಿ ಕಪ್ಪಾಯಿತು.

ಒರೆಸಿದಳು. ಊದಿದಳು. ಬಿಸಿಲಿಗಿಟ್ಟಳು. ಯಾರೋ ಹೇಳಿದ್ದು ನೆನಪಾಗಿ ಅಕ್ಕಿಯ ಡಬ್ಬದಲ್ಲಿ ಹೂತಿಟ್ಟಳು. "ಅಕ್ಕಿ ಡಬ್ಬದ ಮುಚ್ಚಳ ತೆಗೆದವರು ಯಾರು?" ಎಂದು ಅಮ್ಮ ಕೇಳುವ ಹೊತ್ತಿಗೆ ಆಮೆ ಬ್ಯಾಗು ಸೇರಿತ್ತು. ಚಕ್ರ ತಿರುಗುತ್ತಿತ್ತು. ಹೊಟ್ಟೆಯ ಹತ್ತಿರದ ಹಸಿರು ದೀಪವೂ ಮಿನುಗುತ್ತಿತ್ತು. ಒಣಗಿದರೆ ತಾನೇ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

"ಸರಿ," ಎಂದರು ಮಿಸ್. "ಈಗ ಆಮೆಗಳನ್ನೆಲ್ಲ ಚಾರ್ಜಿಗೆ ಹಾಕಬೇಕು. ಇನ್ನೊಂದು ರಿಹರ್ಸಲ್‌ಗೆ ಟೈಮಿಲ್ಲ. ಇಸ್ತ್ರಿ, ನೀನು ಮತ್ತೆ ಸ್ಕ್ಯಾನ್ ಮಾಡಪ್ಪ. ಈ ಸಲ ಅವಸರ ಬೇಡ."

ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಓಡಿದರು. ಇಸ್ತ್ರಿ ಊಟದ ಡಬ್ಬಿ ತೆರೆಯಲೇ ಇಲ್ಲ. ನೆಲದ ಮೇಲೆ ಹಾಸಿದ ಚಿತ್ರದ ಪಕ್ಕ ಮಂಡಿಯೂರಿ ಎಳೆಯತೊಡಗಿದ. ಟೋಪಿ, ಹಣೆ, ಕಣ್ಣು, ಮೂಗು. ಮುಗಿಸಿದ. ಮತ್ತೆ ಮೊದಲಿಂದ ಎಳೆದ.

ಗಿಣಿ ಬಾಗಿಲಲ್ಲಿ ನಿಂತಿದ್ದಳು. "ಸಾಕು ಬಾರೋ, ಚೆನ್ನಾಗೇ ಬಂದಿರುತ್ತೆ."

"ಬೆಳಿಗ್ಗೇನೂ ಹಾಗೇ ಅಂದ್ಕೊಂಡಿದ್ದೆ." ಅವನು ತಲೆಯೆತ್ತಲಿಲ್ಲ. ಬಲಗೈಯನ್ನು ಎಡಗೈಯಿಂದ ಒತ್ತಿಕೊಂಡ. "ಬಿಟ್ಟಿದ್ದು ನನಗೆ ಗೊತ್ತೇ ಆಗ್ಲಿಲ್ಲ ನೋಡು. ನಾನೇ ಬಿಟ್ಟಿರಬೇಕು. ಇನ್ಯಾರು ಬಿಡ್ತಾರೆ?"

ಬೆಳಿಗ್ಗೆ "ನಾನು ಬಿಟ್ಟಿಲ್ಲ" ಎಂದವನು ಇವನೇ. ಅದು ನಿಜವೂ ಆಗಿತ್ತು. ಈಗ ಅವನೇ ಆ ನಿಜವನ್ನು ನಂಬುತ್ತಿಲ್ಲ.

"ಇಸ್ತ್ರಿ," ಎಂದಳು.

"ಏನು?"

"ಏನಿಲ್ಲ. ಬೆಲ್ ಆಯ್ತು."

ಬೆಲ್ ಆಗಿರಲಿಲ್ಲ.

ಕೊನೆಯ ಪೀರಿಯಡ್‌ಗೆ ಇಡೀ ಶಾಲೆ ಮಹಡಿಯಲ್ಲಿ ಸೇರಿತು. ಗೇಟ್ ಮಾಮನನ್ನು ಕಂಬಿಯ ಹತ್ತಿರ, ನಟ್ಟನಡುವೆ ನಿಲ್ಲಿಸಿದರು. ಅವರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, "ಗೇಟ್ ಹತ್ರ ಯಾರೂ ಇಲ್ವಲ್ಲಮ್ಮ," ಎಂದು ಮೆಲ್ಲಗೆ ಗೊಣಗಿದರು.

ಕೆಳಗೆ ಆಮೆಗಳು ಹೊರಟವು. ಗೊರ್ ಗೊರ್ ಎಂದು ಚಕ್ರ ತಿರುಗಿಸುತ್ತಾ, ಒಂದಕ್ಕೊಂದು ತಾಗದೆ ದಾರಿ ಬಿಟ್ಟುಕೊಡುತ್ತಾ ಸಾಲು ಹಿಡಿದವು. ಪರದೆಗಳು ಹೊತ್ತಿಕೊಂಡವು. ಟೋಪಿ ಮೂಡಿತು, ಮೂಗು ಮೂಡಿತು, ಮೀಸೆ ಮೂಡಿತು. ಚಪ್ಪಾಳೆ ಶುರುವಾಯಿತು.

ಶುರುವಾದದ್ದು ಅರ್ಧಕ್ಕೇ ನಿಂತಿತು.

ಅದೇ ಕಡೆ, ಅದೇ ತೂತು.

ಮಿಸ್ ಬಾಯಿಗೆ ಕೈ ಒತ್ತಿ ನಿಂತುಬಿಟ್ಟರು. ಇಸ್ತ್ರಿ ಕೆಳಗೆ ನೋಡುತ್ತಿರಲಿಲ್ಲ. ತನ್ನ ಬಲಗೈಯನ್ನೇ ನೋಡುತ್ತಿದ್ದ, ಅದು ಇನ್ಯಾರದೋ ಕೈ ಎಂಬಂತೆ.

ಗೇಟ್ ಮಾಮ ಕತ್ತು ವಾಲಿಸಿ, ಕಾಣುವ ಒಂದೇ ಕಣ್ಣಿನಿಂದ ಚಿತ್ರವನ್ನು ನೋಡಿದರು. ಅವರ ಕೈ ತಾನಾಗಿ ಮೇಲೆದ್ದು ತಮ್ಮ ಎಡಗಣ್ಣನ್ನು ಮುಚ್ಚಿಕೊಂಡಿತು.

ಗಿಣಿ ಅದನ್ನು ಕಂಡಳು. ಆಮೇಲೆ ಕೆಳಗಿನ ಕಪ್ಪು ಚೌಕವನ್ನು ನೋಡಿದಳು. ಅದರ ಪಕ್ಕದಲ್ಲೊಂದು ಪುಟ್ಟ ಹಸಿರು ದೀಪ ಮಿನುಗುತ್ತಿತ್ತು. ಹಾಜರ್. ಹಾಜರ್. ಹಾಜರ್.

ಮನೆಯಲ್ಲೇ ಇರುವ ಉದ್ದಕಾಲನ ಆಮೆಯ ಜಾಗದಲ್ಲಿ ತೂತಿಲ್ಲ. ಅದು ಬಂದಿಲ್ಲವೆಂದು ಮಿಕ್ಕವುಗಳಿಗೆ ಗೊತ್ತು. ತನ್ನ ಆಮೆ ಕುರುಡಾಗಿದ್ದರೂ ಹಾಜರ್ ಅನ್ನುತ್ತಿದೆ. ಅದನ್ನು ನಂಬಿ ಅಕ್ಕಪಕ್ಕದವು ಜಾಗ ಬಿಟ್ಟು ನಿಂತಿವೆ.

ಅವಳು ಮೆಟ್ಟಿಲಿಳಿದು ಓಡಿದಳು. "ಏ ಗಿಣಿ, ಎಲ್ಲಿಗೆ?" ಎಂದು ಮಿಸ್ ಕೂಗಿದ್ದು ಹಿಂದೆಲ್ಲೋ ಕೇಳಿಸಿತು. ಚಪ್ಪಲಿ ಕಳಚಿ, ಮಾಮನ ಕೆನ್ನೆಯ ನಡುವೆ ಹುಷಾರಾಗಿ ಹೆಜ್ಜೆಯಿಟ್ಟು, ತನ್ನ ಆಮೆಯನ್ನು ಎತ್ತಿಕೊಂಡು ಹೊಟ್ಟೆಯ ಗುಂಡಿ ಒತ್ತಿದಳು. ಹಸಿರು ದೀಪ ಆರಿತು.

ಒಂದು ಕ್ಷಣ ಏನೂ ಆಗಲಿಲ್ಲ.

ಆಮೇಲೆ ಅವಳ ಪಾದದ ಹತ್ತಿರದ ಆಮೆ ಅಲ್ಲಾಡಿತು. ಅದರ ಪಕ್ಕದ್ದು, ಅದರಾಚೆಯದು. ಇಡೀ ಮುಖ ಗೊರ್ ಗೊರ್ ಎನ್ನುತ್ತಾ ಅವಳ ಸುತ್ತ ಸರಿಯಿತು. ಅವಳು ಹಿಂದೆ ಹಿಂದೆ ಹೆಜ್ಜೆಯಿಟ್ಟು ಗೋಡೆಗೆ ಒರಗಿದಳು. ಕೆಳಗಿಂದ ಅವಳಿಗೆ ಬರೀ ಬಣ್ಣದ ಚೌಕಗಳು ಕಂಡವು. ಮೇಲಿದ್ದವರ ಮುಖ ನೋಡಿಯೇ ಕಣ್ಣು ಬಂತೆಂದು ಗೊತ್ತಾದದ್ದು.

ಮುಖ ಒಂಚೂರು ಚಿಕ್ಕದಾಗಿತ್ತಂತೆ. ಹಾಗೆಂದು ಆಮೇಲೆ ಹೇಳಿದರು.

ಚಪ್ಪಾಳೆಯೆಲ್ಲ ಮುಗಿದ ಮೇಲೆ ಗಿಣಿ ಮಿಸ್ ಮುಂದೆ ಆಮೆ ಹಿಡಿದು ನಿಂತಳು. ಹಾಲಿನ ಲೋಟದಿಂದ ಅಕ್ಕಿಯ ಡಬ್ಬದವರೆಗೆ ಎಲ್ಲವನ್ನೂ ಹೇಳಿದಳು. ಮಿಸ್ ಬೆರಗಾಗಿ ಕೇಳಿಸಿಕೊಂಡರು.

"ಬೆಳಿಗ್ಗೇನೇ ಗೊತ್ತಿತ್ತಾ ನಿಂಗೆ?"

ಗಿಣಿ ಹೌದೆಂದು ತಲೆಯಾಡಿಸಿದಳು. ಮಿಸ್ ಬೈಯಲಿಲ್ಲ. ಏನಾದರೂ ಬೈದಿದ್ದರೇ ಚೆನ್ನಾಗಿತ್ತು. ಅವರು ಉಳಿದವರ ಕಡೆ ತಿರುಗಿ, "ಇನ್ಯಾರದ್ದಾದರೂ ಕೆಟ್ಟಿದೆಯಾ?" ಎಂದು ಕೇಳಿದರು. ಮೂಲೆಯಿಂದ ಒಂದು ಕೈ ಎದ್ದಿತು. "ನಂದು ಎಡಕ್ಕೆ ತಿರುಗಲ್ಲ ಮಿಸ್." ಇನ್ನೊಂದು ಕೈ. "ನಂದರ ಚಕ್ರಕ್ಕೆ ಗಮ್ ಹಾಕಿದೀನಿ ಮಿಸ್." ಮಿಸ್ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

ಗೇಟಿನಲ್ಲಿ ಮಾಮ ಕೊನೆಯ ಸಲ ಮಕ್ಕಳನ್ನು ಹೊರಗೆ ಬಿಡುತ್ತಿದ್ದರು. ಗಿಣಿಯನ್ನು ಕಂಡು ಹತ್ತಿರ ಕರೆದರು.

"ಮೊದಲು ಒಂದೇ ಕಣ್ಣು ಕಾಣ್ತಲ್ಲ, ನಾನೇನಂದ್ಕೊಂಡೆ ಗೊತ್ತಾ? ಮಾಮ ಕಣ್ಣು ಹೊಡೆಯೋದನ್ನೇ ಬರೆದಿದ್ದಾರೆ, ಭಾರಿ ಪೋಕರಿಗಳು ಅಂದ್ಕೊಂಡೆ."

ಅದು ಸುಳ್ಳೆಂದು ಗಿಣಿಗೆ ಗೊತ್ತಿತ್ತು. ಕಣ್ಣು ಮುಚ್ಚಿಕೊಂಡ ಆ ಕೈಯನ್ನು ಅವಳು ಕಂಡಿದ್ದಳು. ಆದರೂ ನಕ್ಕಳು. ಮಾಮ ಎಡಗಣ್ಣು ಮಿಟುಕಿಸಿದರು.

ಇಸ್ತ್ರಿ ಅವಳಿಗಾಗಿ ಕಾಯದೆ ಹೋಗಿಬಿಟ್ಟಿದ್ದ.

ಲಾಂಡ್ರಿಯೊಳಗೆ ಅವನಪ್ಪ ದೊಡ್ಡ ಮೇಜಿನಲ್ಲಿ ಬೆಡ್‌ಶೀಟ್ ಹರಡಿದ್ದರು. ಪಕ್ಕದ ಚಿಕ್ಕ ಮೇಜಿನಲ್ಲಿ ಇಸ್ತ್ರಿ ಕರ್ಚೀಫುಗಳ ಮೇಲೆ ಇಸ್ತ್ರಿಪೆಟ್ಟಿಗೆ ಎಳೆಯುತ್ತಿದ್ದ. ಗಿಣಿ ಮೆಟ್ಟಿಲ ಹತ್ತಿರ ನಿಂತಳು. ಅವನು ಒಂದು ಸಲ ಎಳೆದ. ಕರ್ಚೀಫನ್ನು ಬೆಳಕಿಗೆ ಹಿಡಿದು ನೋಡಿದ. ಮತ್ತೆ ಹಾಸಿ ಅದೇ ಜಾಗದಲ್ಲಿ ಎಳೆದ. ಮತ್ತೆ ಎತ್ತಿ ನೋಡಿದ.

ಮೊದಲು ಅವನು ಹೀಗೆ ನೋಡುತ್ತಿರಲಿಲ್ಲ. ಮಾತಾಡುತ್ತಲೇ ಎಳೆದು, ಮಾತಾಡುತ್ತಲೇ ಮಡಚುತ್ತಿದ್ದ.

"ನೀನು ಬಿಟ್ಟಿರಲಿಲ್ಲ ಕಣೋ," ಎಂದಳು ಗಿಣಿ. "ನನ್ನ ಆಮೆ ಕೆಟ್ಟಿತ್ತು. ನನಗೆ ಗೊತ್ತಿತ್ತು."

"ಗೊತ್ತು. ಎಲ್ಲಾರೂ ಹೇಳಿದ್ರು."

"ತಪ್ಪಾಯ್ತು."

"ಹ್ಞೂಂ," ಎಂದ ಇಸ್ತ್ರಿ. ಕರ್ಚೀಫು ಹಾಸಿ ಎಳೆದ. ಎತ್ತಿ ಬೆಳಕಿಗೆ ಹಿಡಿದ.

ಗಿಣಿ ಬ್ಯಾಗು ಇಳಿಸಿ ಮೆಟ್ಟಿಲ ಮೇಲೆ ಕೂತಳು. ಮನೆಗೆ ಹೋಗು ಎಂದು ಅವನು ಹೇಳಲಿಲ್ಲ. ಬುಟ್ಟಿಯಲ್ಲಿ ಇನ್ನೂ ಬೇಕಾದಷ್ಟು ಕರ್ಚೀಫುಗಳಿದ್ದವು. ಅವನು ಒಂದನ್ನಾದರೂ ಎತ್ತಿ ನೋಡದೆ ಮಡಚುವವರೆಗೆ ಅವಳು ಅಲ್ಲಿಂದ ಏಳುವವಳಲ್ಲ.